ನೀರಿಳಿದ ಮೇಲೆ ಅಜ್ಜಿಯ ಊರು

ಶೆಟ್ಟಿಹಳ್ಳಿಯ 'ಮುಳುಗುವ ಚರ್ಚ್' ಅನ್ನು ನೀವು ರೀಲ್ಸ್‌ನಲ್ಲಿ ನೋಡಿಯೇ ಇರುತ್ತೀರಿ. ಸೂರಿಲ್ಲದ ಎತ್ತರದ ಗೋಡೆಗಳು, ಸಾಲು ಕಮಾನುಗಳು, ಸುತ್ತ ಹೇಮಾವತಿಯ ಹಿನ್ನೀರು, ಮೇಲೆ ಗಿರಕಿ ಹೊಡೆಯುವ ಡ್ರೋನು, ಹಿನ್ನೆಲೆಗೆ ಯಾವುದೋ ಇಂಗ್ಲಿಷ್ ಹಾಡು. ಹಾಸನದಿಂದ ಸುಮಾರು 20 ಕಿ.ಮೀ. ಅಷ್ಟೇ. ಶನಿವಾರ, ಭಾನುವಾರ ಬಂತೆಂದರೆ ಬೆಂಗಳೂರಿನ ಬೈಕುಗಳು ಸಾಲುಗಟ್ಟಿ ಬರುತ್ತವೆ. ಮದುವೆಗೆ ಮುಂಚಿನ ಫೋಟೊಶೂಟ್‌ಗಂತೂ ಅದು ಹೇಳಿ ಮಾಡಿಸಿದ ಜಾಗವಂತೆ. ನಮ್ಮಜ್ಜಿಯ ಮದುವೆಯೇ ಅಲ್ಲಿ ನಡೆದಿತ್ತು, 1968ರಲ್ಲಿ. ಆಗ ಅದಕ್ಕೆ ಸೂರಿತ್ತು, ಗಂಟೆಯಿತ್ತು, ಸುತ್ತ ಊರಿತ್ತು. ಅಜ್ಜಿ ಈಗಲೂ ಅದನ್ನು ಚರ್ಚ್ ಅನ್ನುವುದಿಲ್ಲ, 'ನಮ್ ಗುಡಿ' ಅನ್ನುತ್ತಾಳೆ.

ನಾನು ಬಿ.ಇ. ಮೂರನೇ ವರ್ಷ, ಸಿವಿಲ್. ಅಪ್ಪ ಹಾಸನದಲ್ಲಿ ಮೆಕ್ಯಾನಿಕ್. ಚಿಕ್ಕಪ್ಪಂದಿರಿಬ್ಬರೂ ಬೆಂಗಳೂರು ಸೇರಿದ್ದಾರೆ, ಅತ್ತೆ ಸಕಲೇಶಪುರದಲ್ಲಿದ್ದಾಳೆ. ಏಪ್ರಿಲ್ 10ಕ್ಕೆ ಶಾಲೆಯ ರಿಸಲ್ಟ್ ಬಂದರೆ 11ಕ್ಕೆ ನಾವು ಮಕ್ಕಳೆಲ್ಲ ಅಜ್ಜಿಮನೆಯಲ್ಲಿ. ಅಜ್ಜಿಮನೆ ಅಂದರೆ ಹಿನ್ನೀರಿನ ದಡದಲ್ಲಿ ಹೊಲದ ಮೂಲೆಗಿರುವ ಎರಡು ಕೋಣೆ, ಒಂದು ಜಗಲಿ, ಹೊರಗೊಂದು ಬಚ್ಚಲು. ಅಣೆಕಟ್ಟೆ ಕಟ್ಟುವಾಗ ಊರು ಬಿಡಬೇಕಾಗಿ ಬಂದದ್ದರಿಂದ ಹಳೇ ಮನೆಯ ಹೆಂಚು, ತೊಲೆ, ಬಾಗಿಲು ಎಲ್ಲ ಬಿಚ್ಚಿ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು ತಾತ ಇದನ್ನು ಕಟ್ಟಿದರಂತೆ. ಮುಳುಗಡೆಯ ಗಡಿ ತೋರಿಸುವ ಕಲ್ಲೊಂದು ಮನೆಯ ಕೆಳಗೇ ಇದೆ. ಅಜ್ಜಿ ಅದರ ಮೇಲೆ ಪಾತ್ರೆ ಬೋರಲು ಹಾಕುತ್ತಾಳೆ.

ತಾತ ತೀರಿಕೊಂಡ ಮೇಲೆ ಮಳೆಗಾಲದಲ್ಲಿ ಅಜ್ಜಿ ನಮ್ಮ ಜೊತೆ ಹಾಸನದಲ್ಲಿರುತ್ತಾಳೆ. ಕ್ರಿಸ್‌ಮಸ್ ಮುಗಿದಿದ್ದೇ ತಡ, ನೀರು ಇಳಿಯಲು ಶುರುವಾಗಿದೆ ಅಂತ ಗಂಟು ಕಟ್ಟುತ್ತಾಳೆ. ಪೇಪರಿನಲ್ಲಿ ದಿನಾ ಜಲಾಶಯಗಳ ನೀರಿನ ಮಟ್ಟ ಅಂತ ಪುಟ್ಟ ಕೋಷ್ಟಕ ಬರುತ್ತದಲ್ಲ, ಅದನ್ನು ನಮ್ಮ ಮನೆಯಲ್ಲಿ ಜೋರಾಗಿ ಓದಬೇಕು. ಹೇಮಾವತಿಯ ಗರಿಷ್ಠ ಮಟ್ಟ 2,922 ಅಡಿ ಅನ್ನುವುದು ನನಗೆ ಏಳರ ಮಗ್ಗಿಗಿಂತ ಮುಂಚೆ ಬಾಯಿಪಾಠವಾಗಿತ್ತು. ಓದು ಬಾರದ ಅಜ್ಜಿಗೆ ಯಾವ ಅಂಕಿಗೆ ಗುಡಿಯ ಮೆಟ್ಟಿಲು ಕಾಣುತ್ತದೆ, ಯಾವ ಅಂಕಿಗೆ ಒಳಗೆ ನಡೆದು ಹೋಗಬಹುದು ಎಂಬುದೆಲ್ಲ ಗೊತ್ತು.

ಬೇಸಿಗೆಯಲ್ಲಿ ಅಲ್ಲಿ ಮಾಡಲು ಏನೂ ಇರುತ್ತಿರಲಿಲ್ಲ. ನೆಟ್‌ವರ್ಕ್ ಬೇಕೆಂದರೆ ರಸ್ತೆಯವರೆಗೆ ಹೋಗಬೇಕು. ಬೆಳಿಗ್ಗೆ ಎದ್ದು ನೀರು ರಾತ್ರಿ ಎಷ್ಟು ಹಿಂದೆ ಸರಿದಿದೆ ಅಂತ ಕಡ್ಡಿ ನೆಟ್ಟು ನೋಡುವುದು. ತೆಪ್ಪದವರು ತರುವ ಜಿಲೇಬಿ ಮೀನು ಉಜ್ಜುವುದು. ಹಲಸಿನಹಣ್ಣು ಬಿಡಿಸಿ ಕೈಯೆಲ್ಲ ಅಂಟು ಮಾಡಿಕೊಂಡು ಬೈಸಿಕೊಳ್ಳುವುದು. ಮೇ ತಿಂಗಳಲ್ಲಿ ಒಂದೆರಡು ಹದ ಮಳೆ ಬಿದ್ದರೆ ಆಲೂಗಡ್ಡೆ ಬಿತ್ತನೆ. ಬೀಜದ ಗೆಡ್ಡೆಯನ್ನು ಪ್ರತಿ ತುಂಡಿನಲ್ಲೂ ಕಣ್ಣಿರುವಂತೆ ಕುಯ್ಯಬೇಕು. ಬೆಂಗಳೂರಿನ ತಮ್ಮಂದಿರು ಕಣ್ಣಿಲ್ಲದ ತುಂಡುಗಳನ್ನು ಕುಯ್ದು ಗುಡ್ಡೆ ಹಾಕುತ್ತಿದ್ದರು, ಅವೆಲ್ಲ ರಾತ್ರಿ ಪಲ್ಯ. ದೊಡ್ಡವರು ಮಕ್ಕಳು ಸೇರಿ ಹದಿನೈದು ಜನ. ಮಲಗಲು ಜಾಗ ಸಾಲದೆ ಗಂಡಸರೆಲ್ಲ ಜಗಲಿಯಲ್ಲಿ, ಹುಡುಗರು ಅಂಗಳದ ಚಾಪೆಯಲ್ಲಿ. ಸೊಳ್ಳೆಗೆ ಬೇವಿನ ಸೊಪ್ಪಿನ ಹೊಗೆ.

ಆದರೆ ಸಂಜೆ ಏಳಾದರೆ ಇದೆಲ್ಲ ನಿಂತು ಜಪಸರ ಶುರು. ಕ್ರೈಸ್ತರಲ್ಲದ ಓದುಗರಿಗೆ ಹೇಳುವುದಾದರೆ, ಅದು ಮಣಿಸರ ಹಿಡಿದು ಮಾಡುವ ಪ್ರಾರ್ಥನೆ. ಹತ್ತು ಹತ್ತು ಮಣಿಗಳ ಐದು ಕಂತು, ಒಂದೊಂದು ಕಂತಿಗೂ ಯೇಸು ಮತ್ತು ಮಾತೆ ಮರಿಯಮ್ಮನವರ ಜೀವನದ ಒಂದು ಘಟನೆಯ ಧ್ಯಾನ. ಒಬ್ಬರು ಅರ್ಧ ಹೇಳಿದರೆ ಉಳಿದವರು ಇನ್ನರ್ಧ. ನಮ್ಮ ಮನೆಯಲ್ಲಿ ಐದು ಕಂತನ್ನು ಐದು ಜನಕ್ಕೆ ಹಂಚುತ್ತಿದ್ದರು, ಅದರಲ್ಲಿ ಎರಡು ಕಡ್ಡಾಯವಾಗಿ ಮಕ್ಕಳಿಗೆ. ನಿದ್ದೆಗಣ್ಣಲ್ಲಿ ಹತ್ತರ ಬದಲು ಹನ್ನೆರಡು ಹೇಳಿದವರುಂಟು. ಎಂಟಕ್ಕೇ ಮುಗಿಸಿದರೆ ಮಾತ್ರ ಅಜ್ಜಿಗೆ ಗೊತ್ತಾಗುತ್ತಿತ್ತು.

ಕೊನೆಗೆ ಅಜ್ಜಿಯ ಪಟ್ಟಿ ಬರುತ್ತದೆ. ಮಳೆಗೆ, ಪಕ್ಕದ ಗೌಡರ ಮನೆಯ ಎಮ್ಮೆಯ ಕಾಲಿಗೆ, ಚಿಕ್ಕ ಚಿಕ್ಕಪ್ಪನ ಕುಡಿತ ಬಿಡಲಿ ಅಂತ (ಚಿಕ್ಕಪ್ಪ ಅಲ್ಲೇ ಕೂತು 'ಆಮೆನ್' ಅನ್ನಬೇಕು), ನನ್ನ ಗಣಿತಕ್ಕೆ, ಈಗೀಗ ನನ್ನ ಪ್ಲೇಸ್‌ಮೆಂಟ್‌ಗೆ. ಅಜ್ಜಿ ಅದನ್ನು 'ಪಿಲೇಸ್ಮೆಂಟು' ಅನ್ನುತ್ತಾಳೆ, ಅದೊಂದು ಊರೆಂದೇ ಆಕೆ ತಿಳಿದಿರಬೇಕು ಅಂತ ನನ್ನ ಗುಮಾನಿ. ಎಲ್ಲ ಮುಗಿದ ಮೇಲೆ ನೀರಿನ ಕಡೆ ತಿರುಗಿ, 'ಅಲ್ಲಿ ಮಲಗಿರೋರಿಗೆ' ಅಂತ ಒಂದು ಪ್ರಾರ್ಥನೆ.

ಅಲ್ಲಿ ಮಲಗಿರುವವರಲ್ಲಿ ಅಪ್ಪನ ಅಕ್ಕ ಒಬ್ಬಳು. ಹತ್ತು ತಿಂಗಳ ಮಗು, ಜ್ವರ ಬಂದು ಹೋಯಿತಂತೆ. ಗುಡಿಯ ಪಕ್ಕದ ಸಮಾಧಿ ಭೂಮಿಯಲ್ಲಿ ಮಣ್ಣು ಮಾಡಿದ್ದರು. ಎಂಟು ವರ್ಷದೊಳಗೆ ಅಲ್ಲಿಗೆ ನೀರು ಬಂತು. ನೀರು ಪೂರ್ತಿ ಇಳಿದ ವರ್ಷ ನಾವೆಲ್ಲ ಶುಭ ಶುಕ್ರವಾರ ಗಂಜಿ ಕುಡಿದು, ಬಿರುಕು ಬಿಟ್ಟ ಮಣ್ಣಿನ ಮೇಲೆ ಅಲ್ಲಿಗೆ ನಡೆದು ಹೋಗುತ್ತೇವೆ. ಅಲ್ಲಿ ಶಿಲುಬೆಯೂ ಇಲ್ಲ, ಕಲ್ಲೂ ಇಲ್ಲ. ಅಜ್ಜಿ ಗುಡಿಯ ಹಿಂದಿನ ಮೂಲೆಗೆ ಬೆನ್ನು ಕೊಟ್ಟು ನಿಂತು ನಲವತ್ತು ಹೆಜ್ಜೆ ಎಣಿಸುತ್ತಾಳೆ. ನಲವತ್ತನೆಯ ಹೆಜ್ಜೆಗೆ ಕೂತು ಎರಡು ಸೇವಂತಿಗೆ, ಒಂದು ಮೇಣದಬತ್ತಿ. ಗಾಳಿಗೆ ಬತ್ತಿ ನಿಲ್ಲುವುದಿಲ್ಲ, ನಾವು ಮಕ್ಕಳು ಸುತ್ತ ಕೂತು ಕೈ ಅಡ್ಡ ಹಿಡಿಯಬೇಕು.

ಡಿಗ್ರಿಯಲ್ಲಿ ಸರ್ವೇಯಿಂಗ್ ಕಲಿತ ವರ್ಷ ನನಗೊಂದು ವಿಷಯ ಹೊಳೆಯಿತು. ಅಜ್ಜಿಯ ಹೆಜ್ಜೆ ಈಗ ಚಿಕ್ಕದಾಗಿದೆ. ನಾನು ಚಿಕ್ಕವಳಿದ್ದಾಗ ನಾವು ಕೂರುತ್ತಿದ್ದ ಜಾಗಕ್ಕೂ ಈಗ ಕೂರುವ ಜಾಗಕ್ಕೂ ಏನಿಲ್ಲವೆಂದರೂ ಆರೇಳು ಮೀಟರ್ ವ್ಯತ್ಯಾಸ. ಆ ಮಗು ವರ್ಷವರ್ಷ ಗುಡಿಯ ಹತ್ತಿರ ಬರುತ್ತಿದೆ. ಅಪ್ಪನಿಗೆ ಹೇಳಿದೆ. ಟೇಪ್ ಹಿಡಿದು ಅಳೆದರೆ ಸರಿಯಾದ ಜಾಗ ಗುರುತು ಮಾಡಬಹುದು ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವಳು ಎಲ್ಲಿ ಕೂರ್ತಾಳೋ ಅದೇ ಜಾಗ ಕಣಮ್ಮ' ಅಂದರು. ನಾನೂ ಟೇಪ್ ತೆಗೆಯಲಿಲ್ಲ.

ಈ ಭಾಗಕ್ಕೆ ಕ್ರೈಸ್ತ ಧರ್ಮ ಬಂದ ಕಥೆ ಬೇರೆಯೇ ಇದೆ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಅಬ್ಬೆ ದುಬೊವಾ ಎಂಬ ಫ್ರೆಂಚ್ ಪಾದ್ರಿ ಮೈಸೂರು ಸೀಮೆಗೆ ಬಂದು ಇಲ್ಲಿನ ಉಡುಪು ತೊಟ್ಟು, ಸಸ್ಯಾಹಾರಿಯಾಗಿ ಇದ್ದರು. ಹಾಸನದ ಹತ್ತಿರದ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆ ಮಾಡಿದರು, ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಅಂತ ಕರೆದರು. ಭಾರತೀಯರ ಆಚಾರ ವಿಚಾರಗಳ ಬಗ್ಗೆ ಬರೆದ ಅವರ ಪುಸ್ತಕ ಪ್ರಸಿದ್ಧ. ತಮಾಷೆಯೆಂದರೆ, 1823ರಲ್ಲಿ ಫ್ರಾನ್ಸಿಗೆ ಮರಳುವ ಹೊತ್ತಿಗೆ ಈ ದೇಶದಲ್ಲಿ ಕ್ರೈಸ್ತ ಧರ್ಮ ಬೇರು ಬಿಡುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. ನಮ್ಮಜ್ಜಿಯ ಜಪಸರ ಕೇಳಿದ್ದರೆ ಏನನ್ನುತ್ತಿದ್ದರೋ! ಶೆಟ್ಟಿಹಳ್ಳಿಯ ಚರ್ಚನ್ನು ಫ್ರೆಂಚ್ ಮಿಷನರಿಗಳು ಕಟ್ಟಿದ್ದು ಅವರ ನಂತರ, 1860ರ ಆಸುಪಾಸಿನಲ್ಲಿ, ಜಪಮಾಲೆ ಮಾತೆಯ ಹೆಸರಿನಲ್ಲಿ.

ಕಳೆದ ವರ್ಷ ಕಾಲೇಜಿನಿಂದ ಗೊರೂರು ಅಣೆಕಟ್ಟೆಗೆ ಕರೆದುಕೊಂಡು ಹೋಗಿದ್ದರು. 1979ರಲ್ಲಿ ಮುಗಿದ ಕಟ್ಟೆ, 4,692 ಮೀಟರ್ ಉದ್ದ, 58.5 ಮೀಟರ್ ಎತ್ತರ, 37 ಟಿಎಂಸಿ ಅಡಿಗೂ ಸ್ವಲ್ಪ ಹೆಚ್ಚು ನೀರು. ಮೇಷ್ಟ್ರು ಮಣ್ಣಿನ ಏರಿಯೊಳಗೆ ನೀರು ಜಿನುಗುವ ದಾರಿ, ಕೋಡಿಯ ಗೇಟು, ನಾಲೆಗಳ ಬಗ್ಗೆ ಚೆನ್ನಾಗಿ ಹೇಳಿದರು. ನನ್ನ ರೂಂಮೇಟ್ ತುಮಕೂರು ಕಡೆಯವಳು. 'ನಮ್ಮ ಕೆರೆ ತುಂಬೋದು ಈ ನೀರಿಂದಾನೇ ಕಣೇ' ಅಂತ ಖುಷಿಯಿಂದ ಕಟ್ಟೆಗೆ ಕೈಮುಗಿದಳು. ಅವಳ ಖುಷಿ ಸುಳ್ಳಲ್ಲ. ಆ ನೀರು ಅವಳ ಅಪ್ಪನ ತೋಟ ಉಳಿಸಿದೆ. ಅದೇ ನೀರಿನ ಕೆಳಗೆ ಅಪ್ಪನ ಅಕ್ಕ ಇದ್ದಾಳೆ. ಇವೆರಡನ್ನೂ ಒಂದೇ ಲೆಕ್ಕದಲ್ಲಿ ಕೂಡಿಸುವುದು ಯಾವ ಸೆಮಿಸ್ಟರ್‌ನಲ್ಲೂ ಬರಲಿಲ್ಲ.

ಅಜ್ಜಿಯನ್ನೇ ಒಮ್ಮೆ ಕೇಳಿದ್ದೆ, ನಿನಗೆ ದೇವರ ಮೇಲೆ ಸಿಟ್ಟು ಬರಲಿಲ್ಲವಾ ಅಂತ. 'ಕಟ್ಟೆ ಕಟ್ಟಿದ್ದು ದೇವ್ರಾ? ಮನುಷ್ರು ಕಣವ್ವ' ಅಂದಳು. ಮತ್ತೆ ಸ್ವಲ್ಪ ಯೋಚಿಸಿ, 'ಬಂದಿತ್ತು. ಒಂದು ವರ್ಷ ಜಪಸರ ಮುಟ್ಟಿರಲಿಲ್ಲ. ಆಮೇಲೆ ರಾತ್ರಿ ಹೊತ್ತು ಏನ್ ಮಾಡೋದು ಅಂತ ಗೊತ್ತಾಗ್ದೆ ತಗೊಂಡೆ' ಅಂದಳು. ಪ್ರವಚನಗಳಲ್ಲಿ ಕೇಳಿದ ಯಾವ ಮಾತಿಗಿಂತಲೂ ಇದು ನನಗೆ ನಂಬುವಂತೆ ಕಂಡಿದೆ. ಹಾಸ್ಟೆಲ್‌ನಲ್ಲಿ ನಾನು ಪ್ರತಿ ಭಾನುವಾರ ಬಲಿಪೂಜೆಗೆ ಹೋಗುವವಳಲ್ಲ. ನಂಬಿಕೆ ಎಷ್ಟಿದೆ ಅಂತ ಯಾರಾದರೂ ಕೇಳಿದರೆ ಪರ್ಸೆಂಟೇಜ್ ಹೇಳಲಾರೆ. ಆದರೆ ಬ್ಯಾಕ್‌ಲಾಗ್ ಭಯ ಹತ್ತಿದ ರಾತ್ರಿಗಳಲ್ಲಿ ಬೆರಳು ತಾನಾಗಿ ಹತ್ತರವರೆಗೆ ಎಣಿಸುತ್ತದೆ.

ಈಗ ಕಟ್ಟಡದ ವಿಷಯ. ಚರ್ಚಿನ ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದಾರೆ, ಅದಕ್ಕೇ ನಿಂತಿದೆ ಅನ್ನುತ್ತಾರೆ ಊರಿನವರು. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತಿ ಹಿಡಿಯುವುದರಿಂದ ಸೂರು ಹೋದರೂ ಅವು ನಿಂತಿವೆ. ಸಮಸ್ಯೆ ಇರುವುದು ನೀರಿನಲ್ಲಿ ಮುಳುಗುವುದಕ್ಕಿಂತ ಹೆಚ್ಚಾಗಿ ಮುಳುಗಿ ಒಣಗುವುದರಲ್ಲಿ. ಪ್ರತಿ ವರ್ಷ ಗೋಡೆ ನೆನೆದು ಒಣಗುವಾಗ ನೀರಿನೊಂದಿಗೆ ಒಳಹೊಕ್ಕ ಲವಣ ರಂಧ್ರಗಳಲ್ಲಿ ಹರಳುಗಟ್ಟಿ ಉಬ್ಬುತ್ತದೆ, ಸುಣ್ಣ ಪುಡಿಯಾಗಿ ಉದುರುತ್ತದೆ. ಸಂದಿಯಲ್ಲಿ ಹುಟ್ಟುವ ಗಿಡಗಳ ಬೇರು ಉಳಿದದ್ದನ್ನು ಮಾಡುತ್ತವೆ. ನಾನು ನೋಡನೋಡುತ್ತಿದ್ದಂತೆಯೇ ಗೋಡೆಗಳ ಭಾಗಗಳು ಬಿದ್ದಿವೆ. ಫೋಟೊಗಾಗಿ ಗೋಡೆ ಹತ್ತುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹತ್ತಬೇಡಿ, ದಯವಿಟ್ಟು. ಹೆಸರು ಕೆತ್ತುವವರ ಬಗ್ಗೆ ಇಲ್ಲಿ ಬರೆಯುವಂಥ ಮಾತು ನನ್ನ ಹತ್ತಿರ ಇಲ್ಲ.

ಕಳೆದ ಬೇಸಿಗೆಯಲ್ಲಿ ಪಾಸ್ಕ ಹಬ್ಬದ ಮಾರನೇ ದಿನ ಮನೆಯಲ್ಲಿ ದೊಡ್ಡ ಮಾತುಕತೆ ನಡೆಯಿತು. ಹೋಂಸ್ಟೇ ಮಾಡುತ್ತೇವೆಂದು ಯಾರೋ ಜಾಗ ಕೇಳಿದ್ದರು. ಹೇಳಿದ ಬೆಲೆ ಅಪ್ಪನ ಹತ್ತು ವರ್ಷದ ದುಡಿಮೆಗಿಂತ ಜಾಸ್ತಿ. ಚಿಕ್ಕಪ್ಪನಿಗೆ ಮನೆ ಸಾಲವಿದೆ, ಅತ್ತೆಯ ಮಗ ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದಾನೆ, ನನ್ನ ಫೀಸೂ ಇದೆ. ಕೇಳಿದವರದ್ದೂ ಬಯಸಿದವರದ್ದೂ ತಪ್ಪೇನಿಲ್ಲ. ವರ್ಷದಲ್ಲಿ ಎಂಟು ತಿಂಗಳು ಬೀಗ ಹಾಕಿಕೊಂಡಿರುವ ಎರಡು ಕೋಣೆ ಇಟ್ಟುಕೊಂಡು ಏನು ಮಾಡುವುದು ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಅಜ್ಜಿ ಕೋಳಿಸಾರಿನ ಪಾತ್ರೆ ಉಜ್ಜುತ್ತಾ ಎಲ್ಲ ಕೇಳಿಸಿಕೊಂಡಳು. 'ಒಂದ್ಸಲ ನೀರು ಎಬ್ಬಿಸ್ತು ಕಣ್ರಪ್ಪಾ, ಎದ್ದು ಬಂದ್ವಿ. ನಾನಿರೋವರ್ಗೂ ಇನ್ನೊಂದ್ಸಲ ಎಬ್ಬಿಸ್ಬೇಡಿ. ಆಮೇಲೆ ನಿಮ್ದು.' ಅಷ್ಟೇ ಹೇಳಿದ್ದು. ಆ ರಾತ್ರಿ ಜಪಸರದ ಪಟ್ಟಿಯಲ್ಲಿ ಅತ್ತೆಯ ಮಗನ ಕೆಲಸ ಎಮ್ಮೆಗಿಂತ ಮೇಲಕ್ಕೆ ಬಂತು. ಜಾಗ ಕೇಳಿದವರಿಗೆ ಅಪ್ಪ ಸದ್ಯಕ್ಕಿಲ್ಲ ಅಂದಿದ್ದಾರೆ.

ಈ ಬೇಸಿಗೆ ನನಗೆ ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್. ಸೈಟ್‌ನಲ್ಲಿ ನಾಲ್ಕು ದಿನ ರಜೆ ಕೇಳಿ ಎರಡು ಪಡೆದಿದ್ದೇನೆ. ಸ್ಟೈಪೆಂಡ್ ಬರುತ್ತದೆ, ಸಣ್ಣ ಮೊತ್ತ. ಅದರಲ್ಲಿ ಅಜ್ಜಿಮನೆಯ ಹೆಂಚು ಸರಿ ಮಾಡಿಸುವುದು ಅಂತ ಅಪ್ಪನ ಜೊತೆ ಮಾತಾಗಿದೆ. ಹಿಂದಿನ ಕೋಣೆ ಎರಡು ಮಳೆಗಾಲದಿಂದ ಸೋರುತ್ತಿದೆ, ಸುಮಾರು ಇನ್ನೂರು ಹೆಂಚು ಬದಲಿಸಬೇಕು. ಅಂಗಡಿಗಳಲ್ಲಿ ವಿಚಾರಿಸಿದೆ, ಈಗಿನ ಹೆಂಚಿನ ಅಳತೆ ಬೇರೆ, ಹಳೆಯದರ ಕೊಕ್ಕೆಗೆ ಕೂರುವುದಿಲ್ಲ. ಮನೆ ಕೆಡವಿದವರ ಹತ್ತಿರವೇ ಸಿಗಬೇಕು. ಹಾಸನ, ಆಲೂರು ಕಡೆ ಯಾರ ಮನೆಯಲ್ಲಾದರೂ ಹಳೇ ಅಳತೆಯ ಮಂಗಳೂರು ಹೆಂಚು ಇಳಿಸಿಟ್ಟಿದ್ದರೆ ಹಾಗೇ ಇಟ್ಟಿರಿ, ಮೇ ಕೊನೆಯೊಳಗೆ ಬಂದು ಒಯ್ಯುತ್ತೇವೆ.