ಹಳೆಯ ಕೋವಿಯ ಜಾತಕ

ಮೂಡಬಿದಿರೆಯ ಸಮೀಪದ ಪುತ್ತಿಗೆಯು ಹಿಂದೆ ಚೌಟ ಅರಸರ ರಾಜಧಾನಿಯಾಗಿದ್ದಿತು. ಆ ಸೀಮೆಯ ಕೃಷಿಕರ ಮನೆಗಳಲ್ಲಿ, ಕಾಡುಹಂದಿಗಳಿಂದ ಬೆಳೆಯನ್ನು ಕಾಯುವುದಕ್ಕಾಗಿ ಪರವಾನಗಿ ಪಡೆದ ಕೋವಿಗಳಿರುವುದುಂಟು. ಅವುಗಳಲ್ಲಿ ಕೆಲವು ಅಜ್ಜಂದಿರ ಕಾಲದಿಂದ ಬಂದುವು. 2019ರ ಶಸ್ತ್ರಾಸ್ತ್ರ ತಿದ್ದುಪಡಿ ಶಾಸನದಂತೆ, ಸಾಮಾನ್ಯ ಪರವಾನಗಿದಾರನು ಎರಡಕ್ಕಿಂತ ಹೆಚ್ಚು ಕೋವಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಹಾಗಾದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಒಪ್ಪಿಸಬೇಕು? ಇದನ್ನು ನಿರ್ಣಯಿಸಲು ಕೋವಿಯ ಹುಟ್ಟು, ವಯಸ್ಸು, ಬೆಲೆ ಈ ಮೂರನ್ನೂ ಅರಿಯುವುದು ಅವಶ್ಯಕ.

ಮೊದಲು ಹುಟ್ಟು. ನಳಿಗೆಯ ಮೇಲೆ ಕೊರೆದ ಹೆಸರೊಂದನ್ನೇ ನಂಬಲಾಗದು. ಮದರಾಸಿನ ಪಿ. ಓರ್ ಅಂಡ್ ಸನ್ಸ್ ಎಂದಿದ್ದರೆ ಅದು ಮಾರಿದವರ ಹೆಸರಾಗಿರಬಹುದು, ಮಾಡಿದವರದಲ್ಲ. ಬಸದಿಯ ಕಾಲವನ್ನು ಶಾಸನದಿಂದ ತಿಳಿಯುವಂತೆ, ಕೋವಿಯ ವೃತ್ತಾಂತವನ್ನು ನಳಿಗೆಯ ಬುಡದ ಅಡಿಯಲ್ಲಿರುವ ಪರೀಕ್ಷಾಮುದ್ರೆಗಳಿಂದ ತಿಳಿಯಬೇಕು. ಒಳಗೆ ತೋಟೆಯಿಲ್ಲವೆಂದು ನಿಶ್ಚಯಿಸಿಕೊಂಡು, ನಳಿಗೆಯನ್ನು ಕಳಚಿ ನೋಡಿರಿ. ಮೊಟ್ಟೆಯಾಕಾರದ ಗೆರೆಯೊಳಗೆ ಇ. ಎಲ್. ಜಿ. ಎಂದಿದ್ದರೆ ಅದು ಬೆಲ್ಜಿಯಮಿನ ಲಿಯೇಜ್ ನಗರದಲ್ಲಿ ಪರೀಕ್ಷೆಗೊಂಡುದು, ಕಿರೀಟದಡಿ ಬಿ. ಪಿ., ಬಿ. ವಿ. ಎಂದಿದ್ದರೆ ಬರ್ಮಿಂಗ್‌ಹ್ಯಾಮಿನದು, ಜಿ. ಪಿ. ಅಕ್ಷರಗಳು ಹೆಣೆದುಕೊಂಡಿದ್ದರೆ ಲಂಡನ್ನಿನದು.

ಈ ಮುದ್ರೆಗಳೇ ವಯಸ್ಸನ್ನೂ ಹೇಳುತ್ತವೆ. ಲಿಯೇಜಿನ ಮುದ್ರೆಗೆ ಕಿರೀಟ ಸೇರಿದುದು 1893ರಲ್ಲಿ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದ 1904ರವರೆಗೆ ಅಡ್ಡಹಾಯ್ದ ಎರಡು ರಾಜದಂಡಗಳ ಗುರುತಿದ್ದು, ಬಳಿಕ ಮೇಲೆ ಹೇಳಿದ ಅಕ್ಷರಗಳು ಬಂದುವು. ಕೋವಿಯ ರಚನೆಯಿಂದ ತಿಳಿಯುವುದು ಹಿಂದಣ ಮೇರೆ ಮಾತ್ರ. ಕುದುರೆಯು ಹೊರಗೆ ಕಾಣದಂತೆ ಒಳಗಡಗಿದ ಆನ್ಸನ್–ಡೀಲಿ ಯಂತ್ರವು 1875ರದು. ಅಂಥ ಕೋವಿಯು ಅದಕ್ಕಿಂತ ಹಳೆಯದಾಗಿರಲಾರದು. ಆದರೆ ಕೇಪಿನ ಕೋವಿಯನ್ನು ಕಂಡೊಡನೆ ಅದು ನೂರೈವತ್ತು ವರ್ಷದ್ದೆಂದು ಹಿಗ್ಗಬೇಕಾಗಿಲ್ಲ. ನಮ್ಮ ದೇಶದಲ್ಲಿ ಆ ಮಾದರಿಯನ್ನು ಬಹುಕಾಲ ಮಾಡುತ್ತಲೇ ಇದ್ದರು.

ಇನ್ನು ಬೆಲೆ. ವಯಸ್ಸೊಂದರಿಂದಲೇ ಬೆಲೆ ಬಾರದು. ತಯಾರಕನ ಕೀರ್ತಿ, ತುಕ್ಕು ತಿನ್ನದ ನಳಿಗೆ, ಮೂಲದ ಮರದ ಹಿಡಿ, ಅಳಿಯದ ಸಂಖ್ಯೆ, ಇವು ಬೆಲೆಯ ಆಧಾರಗಳು. ಉಪ್ಪುಕಾಗದದಿಂದ ತಿಕ್ಕಿ ಹೊಳಪು ಕೊಟ್ಟರೆ ಮುದ್ರೆಯೂ ಸವೆಯುತ್ತದೆ, ಮೌಲ್ಯವೂ ಇಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಹಾವಿನ ಪೊರೆಯಂತೆ ಸುರುಳಿಗೆರೆಗಳಿರುವ ಡಮಾಸ್ಕಸ್ ನಳಿಗೆಗಳು ಕಬ್ಬಿಣ, ಉಕ್ಕುಗಳ ಪಟ್ಟಿಗಳನ್ನು ಹೊಸೆದು ಬೆಸೆದುವು. ಅವು ಹೆಚ್ಚಾಗಿ ಕರಿಮದ್ದಿನ ಕಾಲದವು. ಅವುಗಳಲ್ಲಿ ಇಂದಿನ ತೋಟೆಯನ್ನು ಹಾರಿಸಿದರೆ ನಳಿಗೆ ಸಿಡಿದು ಕೈ ಹೋಗಬಹುದು. ಹೊಗೆಯಿಲ್ಲದ ಮದ್ದಿನ ಪರೀಕ್ಷಾಮುದ್ರೆಯಿದ್ದರೂ, ಬಲ್ಲ ಕಮ್ಮಾರನು ನಳಿಗೆಯನ್ನು ಅಳೆದು ನೋಡುವವರೆಗೆ ಈಡು ತುಂಬಕೂಡದು.

ಕೋವಿಯನ್ನು ಒಪ್ಪಿಸುವ ಮುನ್ನ ಅದರ ಮುದ್ರೆಗಳನ್ನೂ ಸಂಖ್ಯೆಯನ್ನೂ ಬರೆದಿಡುವುದು ಒಳ್ಳೆಯದು. ಕೋವಿ ಹೋದರೂ ಅದರ ಚರಿತ್ರೆಯು ಮನೆಯಲ್ಲಿ ಉಳಿಯುವುದು.