ಹೊಲದ ದಣಿವು ಬೇರೆ, ಯೋಗದ ಅಭ್ಯಾಸ ಬೇರೆ

ಮಹಾಗಾಂವ (ಗಡಹಿಂಗ್ಲಜ ತಾಲೂಕು): "ಮುಂಜಾನಿಂದ ಸಂಜೀತನಕ ಹೊಲದಾಗ ಬಗ್ಗಿ ಏಳೋರಿಗೆ ಮತ್ತ ಯೋಗ ಯಾಕ್ರಿ? ಅದು ಕುರ್ಚಿ ಮ್ಯಾಲ ಕುಂತು ದುಡಿಯೋರಿಗೆ." ಗಡಿಭಾಗದ ಹಳ್ಳಿಗಳಲ್ಲಿ ಯೋಗದ ಮಾತೆತ್ತಿದರೆ ಸಾಮಾನ್ಯವಾಗಿ ಬರುವ ಉತ್ತರವಿದು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಕಬ್ಬು ಕಡಿಯುವವರ ಸೊಂಟ ದಿನವಿಡೀ ಮುಂದಕ್ಕೆ ಬಾಗುತ್ತದೆ, ಹಿಂದಕ್ಕೆ ಬಾಗುವುದು ಅಪರೂಪ. ಇಚಲಕರಂಜಿಯ ಪವರ್‌ಲೂಮ್‌ಗಳಲ್ಲಿ ಪಾಳಿ ಮುಗಿಯುವವರೆಗೆ ನಿಂತೇ ಇರಬೇಕು, ಕಿವಿ ತುಂಬ ಮಗ್ಗದ ಸಪ್ಪಳ. ರೊಟ್ಟಿ ಬಡಿದು, ಹಾಲು ಹಿಂಡಿ, ಕೊಡ ಹೊರುವ ಹೆಣ್ಣುಮಕ್ಕಳ ಕುತ್ತಿಗೆ, ಭುಜ ಸದಾ ಬಿಗಿದುಕೊಂಡಿರುತ್ತವೆ. ದುಡಿಮೆಯಲ್ಲಿ ದೇಹದ ಕೆಲವೇ ಭಾಗಗಳು ಮತ್ತೆ ಮತ್ತೆ ದಣಿಯುತ್ತವೆ. ಗಮನವೆಲ್ಲ ಕೆಲಸದ ಮೇಲೆ. ಉಸಿರು ಹೇಗೆ ನಡೆದಿದೆ ಎಂದು ನೋಡಲು ಪುರುಸೊತ್ತು ಎಲ್ಲಿ? ಯೋಗದಲ್ಲಿ ಆ ಗಮನವನ್ನು ಕೆಲಸದಿಂದ ತಿರುಗಿಸಿ ಮೈ ಮತ್ತು ಉಸಿರಿನ ಮೇಲಿಡುತ್ತೇವೆ. ದುಡಿಮೆಗೂ ಯೋಗಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ.

ಪತಂಜಲಿ ಹೇಳಿದ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಅದಕ್ಕೂ ಮೊದಲು ಬರುವುದು ಯಮ, ನಿಯಮ. ಅಂದರೆ ಹಿಂಸೆ ಮಾಡದಿರುವುದು, ಸುಳ್ಳಾಡದಿರುವುದು, ಶುಚಿ, ತೃಪ್ತಿ ಇತ್ಯಾದಿ. ಆಸನದ ನಂತರ ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಮೈಯಿಂದ ಉಸಿರಿಗೆ, ಉಸಿರಿನಿಂದ ಮನಸ್ಸಿಗೆ, ಅಲ್ಲಿಂದ ಆತ್ಮಕ್ಕೆ ಹೋಗುವ ದಾರಿ ಇದು. ಮೈ ಬಾಗಿಸುವುದಷ್ಟೇ ಯೋಗವಲ್ಲ.

ಬೆಳಗಾವಿಯಿಂದ ಪುಣೆಗೆ

ಈ ವಿದ್ಯೆ ಗಡಿ ದಾಟಿದ ಕಥೆ ನಮ್ಮ ಭಾಗದವರು ತಿಳಿದಿರಬೇಕಾದದ್ದು. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸಿದರು. ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲೇ ಹೊರಬಂದಿತು. ಅವರ ಇನ್ನೊಬ್ಬ ಶಿಷ್ಯ ಪಟ್ಟಾಭಿ ಜೋಯಿಸರ 'ಯೋಗಮಾಲಾ' ಕೂಡ ಮೊದಲು ಕನ್ನಡದಲ್ಲೇ ಬಂದದ್ದು, 1962ರಲ್ಲಿ. ಇಂದು ಜಗತ್ತೆಲ್ಲ ಹಬ್ಬಿರುವ ಯೋಗದ ಎರಡು ಮುಖ್ಯ ಪುಸ್ತಕಗಳು ನಮ್ಮ ಭಾಷೆಯಲ್ಲಿ ಹುಟ್ಟಿದವು.

ಕೃಷ್ಣಮಾಚಾರ್ಯರ ಮತ್ತೊಬ್ಬ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್. 1918ರ ಡಿಸೆಂಬರ್ 14ರಂದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನನ. ಹುಟ್ಟುತ್ತಲೇ ನಿಶ್ಶಕ್ತ ಕೂಸು. ಮುಂದೆ ಮಲೇರಿಯಾ, ಟೈಫಾಯಿಡ್, ಕ್ಷಯ ಒಂದರ ಹಿಂದೆ ಒಂದು ಕಾಡಿದವು. ಯೋಗ ಕಲಿಯಲು ಮೈಸೂರಿಗೆ ಹೋದಾಗ ಅವರ ಮೈ ಬಾಗುತ್ತಲೇ ಇರಲಿಲ್ಲ.

1936ರಲ್ಲಿ ಗುರುಗಳ ಜೊತೆ ಅವರು ಉತ್ತರ ಕರ್ನಾಟಕದ ಪ್ರವಾಸಕ್ಕೆ ಬಂದರು. ಹೆಣ್ಣುಮಕ್ಕಳು ಕಲಿಯಲು ಮುಂದೆ ಬಂದಾಗ, ಶಿಷ್ಯರಲ್ಲಿ ಎಲ್ಲರಿಗಿಂತ ಚಿಕ್ಕವರೆಂದು ಕಲಿಸುವ ಕೆಲಸ ಇವರಿಗೇ ಬಂತು. ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ ಅವರ ಪರಿಚಯವಾಯಿತು. ಅವರ ನೆರವಿನಿಂದಲೇ 1937ರಲ್ಲಿ ಅಯ್ಯಂಗಾರ್ ಪುಣೆಯ ಡೆಕ್ಕನ್ ಜಿಮಖಾನಾಕ್ಕೆ ಹೋದರು. ಆಗಿನ್ನೂ ಹದಿನೆಂಟರ ಹುಡುಗ. ಕರೆದದ್ದು ಆರು ತಿಂಗಳ ಮಟ್ಟಿಗೆ. ಸರಿಯಾಗಿ ಮರಾಠಿ ಬರುತ್ತಿರಲಿಲ್ಲ. ಆದರೂ ಪುಣೆಯೇ ಅವರ ಊರಾಯಿತು. 1966ರಲ್ಲಿ 'ಲೈಟ್ ಆನ್ ಯೋಗ' ಬಂತು, 1975ರಲ್ಲಿ ಪತ್ನಿಯ ಹೆಸರಿನ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ ನಿಂತಿತು. 2014ರ ಆಗಸ್ಟ್ 20ರಂದು ಪುಣೆಯಲ್ಲೇ ಅವರು ಕಣ್ಮುಚ್ಚಿದರು.

ಮೈ ಬಾಗದವರೂ ಯೋಗ ಮಾಡಬಹುದು ಎಂಬುದಕ್ಕೆ ಅವರ ಬದುಕೇ ಸಾಕ್ಷಿ. ಗೋಡೆ, ಕುರ್ಚಿ, ಹಗ್ಗ, ಮರದ ತುಂಡುಗಳ ಆಸರೆಯಿಂದ ವಯಸ್ಸಾದವರಿಗೂ ಕಾಯಿಲೆಯವರಿಗೂ ಆಸನ ಕಲಿಸುವ ಪದ್ಧತಿಯನ್ನು ಅವರು ಬೆಳೆಸಿದರು. ಗೋಡೆ, ಕುರ್ಚಿ ಯಾರ ಮನೆಯಲ್ಲಿಲ್ಲ?

ಶುರು ಮಾಡುವುದು ಹೇಗೆ?

ಟಿ.ವಿ. ನೋಡಿ ಮೊದಲ ದಿನವೇ ಜೋರು ಜೋರಾಗಿ ಕಪಾಲಭಾತಿ ಮಾಡಿ, ಮೂರನೇ ದಿನಕ್ಕೆ ಮೈನೋವು ಬಂದು ಕೈಬಿಟ್ಟವರು ಬಹಳ. ಹಾಗೆ ಬೇಡ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಬೆಳಿಗ್ಗೆ ಬಯಲಕಡೆಯ ಕೆಲಸ ಮುಗಿಸಿ, ಖಾಲಿ ಹೊಟ್ಟೆಯಲ್ಲಿ ಒಂದು ಜಮಖಾನ ಹಾಸಿಕೊಳ್ಳಿ. ಸಂಜೆ ಮಾಡುವುದಾದರೆ ಊಟವಾಗಿ ಮೂರ್ನಾಲ್ಕು ತಾಸು ಆಗಿರಲಿ.

ಮೊದಲು ಎರಡು ನಿಮಿಷ ಕಣ್ಣುಮುಚ್ಚಿ ಕೂತು ಉಸಿರು ಬಂದು ಹೋಗುವುದನ್ನು ಸುಮ್ಮನೆ ಗಮನಿಸಿ. ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲಿ ಕೂರಬಹುದು. ನಂತರ ತಾಡಾಸನ: ಎರಡೂ ಪಾದಗಳ ಮೇಲೆ ಸಮಭಾರ ಹಾಕಿ ನೆಟ್ಟಗೆ ನಿಲ್ಲುವುದು. ನೋಡಲು ಸುಲಭ, ಆದರೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ಅಭ್ಯಾಸ ಗೊತ್ತಾಗುವುದೇ ಇಲ್ಲಿ. ಆಮೇಲೆ ಕೈ ಮೇಲೆತ್ತಿ ನಿಧಾನವಾಗಿ ಎಡಕ್ಕೆ, ಬಲಕ್ಕೆ ಬಾಗುವುದು. ಬೋರಲು ಮಲಗಿ ಭುಜಂಗಾಸನ. ಎದೆ ಎತ್ತಿದ್ದು ನಾಲ್ಕು ಬೆರಳಾದರೂ ಸಾಕು. ದಿನವಿಡೀ ಮುಂದಕ್ಕೆ ಬಾಗಿದ ಬೆನ್ನಿಗೆ ಅದು ಎದುರು ಚಲನೆ. ಕೊನೆಗೆ ಐದು ನಿಮಿಷ ಶವಾಸನ. ಇದನ್ನು ಬಿಡಬೇಡಿ.

ಮನಸ್ಸು ಹಾಲಿನ ಡೇರಿಗೋ, ಕಾರ್ಖಾನೆಯ ಬಾಕಿ ಬಿಲ್ಲಿಗೋ ಓಡಿದರೆ ಬೇಸರ ಬೇಡ. ಓಡುವುದು ಅದರ ಗುಣ. ಓಡಿತು ಎಂದು ಗೊತ್ತಾದ ಕೂಡಲೇ ಮತ್ತೆ ಉಸಿರಿಗೆ ಕರೆತನ್ನಿ. ಹೀಗೆ ಮರಳಿ ಕರೆತರುವುದೇ ಅಭ್ಯಾಸ.

ಈ ಭಾಗದ ಮನೆಗಳಿಗೆ ಇದು ಹೊಸದೂ ಅಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸಿ ಕೂರುವ ಅಜ್ಜ, ಹರಿಪಾಠ ಹೇಳುತ್ತ ಮೈಮರೆಯುವ ವಾರಕರಿ, ಇಬ್ಬರಿಗೂ ಮನಸ್ಸನ್ನು ಒಂದೆಡೆ ನಿಲ್ಲಿಸುವ ದಾರಿ ಗೊತ್ತು. ಅದಕ್ಕೆ ಮೈಯನ್ನೂ ಜೊತೆ ಮಾಡಿಕೊಂಡರಾಯಿತು.

ಎಚ್ಚರಿಕೆ ಇರಲಿ

ಬಿ.ಪಿ., ಹೃದಯದ ತೊಂದರೆ ಇದ್ದವರು ಕಪಾಲಭಾತಿ, ಭಸ್ತ್ರಿಕಾ, ಶೀರ್ಷಾಸನಗಳಿಗೆ ತಾವಾಗಿಯೇ ಕೈಹಾಕಬಾರದು. ಕಣ್ಣಿನ ಗ್ಲಾಕೋಮಾ ಇದ್ದವರಿಗೆ ತಲೆಕೆಳಗಾಗುವ ಆಸನ ಬೇಡ. ಬೆನ್ನಿನ ಡಿಸ್ಕ್ ಸರಿದವರು, ಹರ್ನಿಯಾ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಮೊಣಕಾಲು ನೋಯುವವರು ವಜ್ರಾಸನಕ್ಕೆ ಹಟ ಹಿಡಿಯಬಾರದು. ಮುಖ್ಯ ಮಾತೆಂದರೆ, "ಯೋಗ ಶುರು ಮಾಡೇನಿ, ಇನ್ನ ಗುಳಿಗಿ ಬ್ಯಾಡ" ಎಂದು ಸಕ್ಕರೆ ಕಾಯಿಲೆ, ಬಿ.ಪಿ. ಔಷಧ ನಿಲ್ಲಿಸುವುದು ಅಪಾಯ. ಯೋಗ ಔಷಧದ ಜೊತೆಗಾರ, ಬದಲಿಯಲ್ಲ.

ವಿಶ್ವಸಂಸ್ಥೆ 2014ರಲ್ಲಿ ಘೋಷಿಸಿದ ಯೋಗ ದಿನವನ್ನು 2015ರಿಂದ ಪ್ರತಿ ಜೂನ್ 21ರಂದು ಶಾಲೆ ಮೈದಾನಗಳಲ್ಲಿ ಆಚರಿಸುತ್ತೇವೆ. ಜೂನ್ 22ರಂದು ಜಮಖಾನ ಹಾಸುವವರು ಎಷ್ಟು ಮಂದಿ ಎಂಬುದೇ ಪ್ರಶ್ನೆ. ಮನೆಯಲ್ಲಿ ಒಬ್ಬರು ಶುರು ಮಾಡಿದರೆ ಮಕ್ಕಳು ನೋಡಿ ಕಲಿಯುತ್ತಾರೆ. ನಾಳೆ ಮುಂಜಾನೆ ಚಹಾಕ್ಕಿಂತ ಮೊದಲು ಇಪ್ಪತ್ತು ನಿಮಿಷ ತೆಗೆದಿಡ್ರಿ.