ತೋಳೆತ್ತಲಾಗದ ನೋವು

ಉಲ್ಲಾಳದಲ್ಲಿ ನಮ್ಮ ನೆರೆಯ ತಾಯಿಯೊಬ್ಬರು ತುರುಬು ಕಟ್ಟಲಾರದೆ ಮೂರು ತಿಂಗಳು ನೋವನ್ನು ಮೌನವಾಗಿ ಸಹಿಸಿದರು. ಇಷ್ಟಲಿಂಗವಿರಿಸಿಕೊಂಡ ಎಡಗೈ ಕಣ್ಣಿನ ಮಟ್ಟಕ್ಕೆ ಏರದಾದಾಗ ಮಾತ್ರ ಕಣ್ಣೀರಿಟ್ಟು ನಮ್ಮಲ್ಲಿ ಹೇಳಿಕೊಂಡರು.

ಇದನ್ನು ಆಯುರ್ವೇದವು ಅವಬಾಹುಕವೆನ್ನುತ್ತದೆ. ಹೆಗಲಲ್ಲಿ ನೆಲೆಗೊಂಡ ವಾತವು ಅಲ್ಲಿಯ ಬಂಧಗಳನ್ನು ಒಣಗಿಸಿ, ಸಿರೆಗಳನ್ನು ಸಂಕೋಚಗೊಳಿಸುವುದೆಂದು ಸುಶ್ರುತನ ನಿರೂಪಣೆ. ಇಂದಿನ ವೈದ್ಯರ ‘ಫ್ರೋಜನ್ ಶೋಲ್ಡರ್’ ಇದಕ್ಕೆ ಬಹು ಸಮೀಪ. 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲಿಯೂ ಸಕ್ಕರೆ ಕಾಯಿಲೆಯುಳ್ಳವರಲ್ಲಿ ಹೆಚ್ಚು.

ಚಿಕಿತ್ಸೆಯೆಂದರೆ ಎಣ್ಣೆ ತಿಕ್ಕುವುದೆಂದೇ ಬಹುಮಂದಿಯ ಭಾವನೆ. ವಾಗ್ಭಟನಾದರೋ ನಸ್ಯವನ್ನೂ ಊಟದ ತರುವಾಯ ಸೇವಿಸುವ ಸ್ನೇಹವನ್ನೂ ವಿಧಿಸಿದ್ದಾನೆ. ಕ್ಷೀರಬಲಾ ಮೊದಲಾದ ತೈಲಗಳನ್ನು ಮೂಗಿಗೆ ಹನಿಸುವ ಈ ಕ್ರಮ ವೈದ್ಯರ ಸಮ್ಮುಖದಲ್ಲಿಯೇ ನಡೆಯತಕ್ಕದ್ದು. ಎಲೆಗಂಟಿನ ಶಾಖವನ್ನು ಅವರಿಂದ ಕಲಿತು ಮನೆಯಲ್ಲಿಯೂ ಕೊಡಬಹುದು. ಲಕ್ಕಿ, ಹರಳು, ಹುಣಸೆ ಎಲೆಗಳನ್ನು ಹೆಚ್ಚಿ, ತೆಂಗಿನತುರಿ, ನಿಂಬೆಹೋಳು, ಸೈಂಧವ ಲವಣದೊಡನೆ ಹುರಿದು ಬಟ್ಟೆಯಲ್ಲಿ ಕಟ್ಟಬೇಕು; ಹೆಗಲಿಗೆ ಎಳ್ಳೆಣ್ಣೆ ಸವರಿ ಒತ್ತಬೇಕು. (ಹಿಂದೆ ಬೇಲಿಯಲ್ಲಿ ಸಿಗುತ್ತಿದ್ದ ಲಕ್ಕಿಯನ್ನು ಬಡಾವಣೆಗಳೆದ್ದ ಮೇಲೆ ಹುಡುಕಿಕೊಂಡು ಹೋಗಬೇಕಾಗಿದೆ!) ಸಕ್ಕರೆ ಕಾಯಿಲೆಯವರಿಗೆ ಬಿಸಿ ಬೇಗ ತಿಳಿಯದು, ಗಂಟನ್ನು ಬೇರೊಬ್ಬರು ಮುಟ್ಟಿ ನೋಡಲಿ. ಎಡಹೆಗಲ ನೋವಿನೊಡನೆ ಎದೆ ಬಿಗಿದು ಬೆವರಿದರೆ ಎಣ್ಣೆಯ ಮಾತು ಬೇಡ, ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ಆ ತಾಯಿ ವೈದ್ಯರು ಹೇಳಿದಂತೆ ನಸ್ಯ, ಶಾಖಗಳನ್ನು ಪಡೆದು, ದಿನವೂ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಮೆಲ್ಲನೆ ಏರಿಸುತ್ತ ಬಂದರು. ಈಗ ಪೂಜೆಗೆ ಕೈ ಏರುತ್ತದೆ. ಬೆನ್ನ ಹಿಂದಕ್ಕೆ ಇನ್ನೂ ಹೋಗದು. ತುರುಬನ್ನು ಸೊಸೆಯೇ ಕಟ್ಟುತ್ತಿದ್ದಾಳೆ.